ಡಬ್ಬಿ ಹೊಸದು ಸಿಗುತ್ತದೆ, ಸೆಟ್ಟಿಂಗ್?

2017ರ ಜುಲೈ ಕೊನೆಯಲ್ಲಿ ಬಿಎಸ್‌ಎನ್‌ಎಲ್ ಕರ್ನಾಟಕ ವೃತ್ತದ ಬ್ರಾಡ್‌ಬ್ಯಾಂಡ್ ಮೋಡೆಮ್‌ಗಳು ಒಂದರ ಹಿಂದೊಂದು ಕೈಕೊಟ್ಟವು. ಸುಮಾರು 60,000 ಮೋಡೆಮ್‌ಗಳಿಗೆ ಪೆಟ್ಟು ಬಿತ್ತೆಂದು ಆಗ ವರದಿಯಾಯಿತು. ಇದಕ್ಕೆ ಕಾರಣವಾದ ಕುತಂತ್ರಾಂಶ (ಮಾಲ್‌ವೇರ್) ಹುಡುಕಿದ್ದು ಬಳಕೆದಾರರ ಹೆಸರೂ 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್' ಆಗಿದ್ದ ಡಬ್ಬಿಗಳನ್ನು. ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಬಿಎಸ್‌ಎನ್‌ಎಲ್ ಗ್ರಾಹಕರನ್ನು ಕೇಳಿಕೊಂಡಿತು. ಆ ಪಾಠ ಅಷ್ಟಿಷ್ಟು ತಲೆಗೆ ಹೋಗಿದೆ. ಸೆಟ್ಟಿಂಗ್‌ಗಳ ನಕಲು ಇಟ್ಟುಕೊಳ್ಳುವ ಪಾಠ ಮಾತ್ರ ಹೋಗಿಲ್ಲ.

2023ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಆದದ್ದು ಇನ್ನೂ ದೊಡ್ಡದು. ಒಂದೇ ಇಂಟರ್ನೆಟ್ ಕಂಪನಿಯ 6 ಲಕ್ಷಕ್ಕೂ ಹೆಚ್ಚು ರೂಟರ್‌ಗಳು 72 ಗಂಟೆಗಳೊಳಗೆ ಸತ್ತವು. ರಿಪೇರಿಗೂ ಬಾರದೆ ಡಬ್ಬಿಯನ್ನೇ ಬದಲಿಸಬೇಕಾಯಿತು ಎನ್ನುತ್ತದೆ ಸೈಬರ್ ಭದ್ರತಾ ಸಂಶೋಧನಾ ತಂಡ ಬ್ಲ್ಯಾಕ್ ಲೋಟಸ್ ಲ್ಯಾಬ್ಸ್ 2024ರ ಮೇನಲ್ಲಿ ಕೊಟ್ಟ ವರದಿ. ಹೊಸ ಡಬ್ಬಿ ಬರುವುದು ಖಾಲಿಯಾಗಿ.

ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಬಾಗ್ಮನೆ ಟೆಕ್ ಪಾರ್ಕ್‌ನಂಥ ಕಡೆ ದೊಡ್ಡ ಕಂಪನಿಗಳಿಗೆ ಈ ಸೆಟ್ಟಿಂಗ್‌ಗಳನ್ನು ನೋಡಿಕೊಳ್ಳಲೆಂದೇ ಜನ ಇರುತ್ತಾರೆ. ನನ್ನ ಆತಂಕ ಗೇಟಿನ ಹೊರಗಿನವರದು. ಕಗ್ಗದಾಸಪುರದ ಪಿಜಿ, ಕ್ಲಿನಿಕ್, ಲೆಕ್ಕಪತ್ರದ ಕಚೇರಿ ಎಲ್ಲಕ್ಕೂ ಗೋಡೆಗೆ ನೇತಾಡುವ ಒಂದೇ ಡಬ್ಬಿ ಆಧಾರ. ಇಂಟರ್ನೆಟ್ ಸಂಪರ್ಕಕ್ಕೆ ಬೇಕಾದ ಪಿಪಿಪಿಒಇ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ, ಸಿಸಿಟಿವಿಯನ್ನು ಮೊಬೈಲಿನಲ್ಲಿ ನೋಡಲು ತೆರೆದಿಟ್ಟ ಪೋರ್ಟ್, ಪ್ರಿಂಟರ್‌ಗೆ ಕೊಟ್ಟ ಖಾಯಂ ವಿಳಾಸ ಎಲ್ಲವೂ ಅದರೊಳಗಿನ ಒಂದು ಚಿಪ್‌ನಲ್ಲಿವೆ. ಇವನ್ನು ಹಾಕಿಕೊಟ್ಟ ಹುಡುಗ ಕೆಲಸ ಬಿಟ್ಟು ಹೋಗಿ ಬಹಳ ದಿನಗಳಾಗಿರುತ್ತವೆ.

ಈ ಸೆಟ್ಟಿಂಗ್‌ಗಳು ಅಳಿಯಲು ಕುತಂತ್ರಾಂಶವೇ ಬೇಕೆಂದಿಲ್ಲ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಕರೆಂಟ್ ಹೋಗಿ ಏಕಾಏಕಿ ಏರಿ ಬಂದರೆ ಸಾಕು. ಅದಕ್ಕಿಂತ ಸುಲಭದ್ದು, ನೆಟ್ ನಿಧಾನವೆಂದು ರಿಸೆಟ್ ತೂತಿಗೆ ಪಿನ್ ಚುಚ್ಚಿ ಹತ್ತು ಸೆಕೆಂಡ್ ಒತ್ತುವುದು. ಸಿಸ್ಕೋ ರೂಟರ್‌ಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ: ಮಾಡಿದ ಬದಲಾವಣೆ ಮೊದಲು ಕೂರುವುದು ರನ್ನಿಂಗ್-ಕಾನ್ಫಿಗ್ ಎಂಬ ತಾತ್ಕಾಲಿಕ ನೆನಪಿನಲ್ಲಿ. ಅದನ್ನು ಸ್ಟಾರ್ಟಪ್-ಕಾನ್ಫಿಗ್‌ಗೆ ಬರೆಯದೆ ಎದ್ದು ಹೋದರೆ, ತಿಂಗಳುಗಟ್ಟಲೆ ಸರಿಯಾಗಿ ನಡೆದದ್ದು ಒಂದು ಪವರ್ ಕಟ್‌ಗೆ ಮಾಯ. ತಪ್ಪು ಮಾಡಿದ ದಿನ ಏನೂ ಆಗುವುದಿಲ್ಲ, ಹಾಗಾಗಿಯೇ ಇದು ಯಾರ ಗಮನಕ್ಕೂ ಬರುವುದಿಲ್ಲ.

ನಕಲು ತೆಗೆಯುವುದು ಕಷ್ಟವಲ್ಲ. ಬ್ರೌಸರಿನಲ್ಲಿ 192.168.0.1 ಅಥವಾ 192.168.1.1 ತೆರೆದು, ಸಿಸ್ಟಮ್ ವಿಭಾಗದ ಬ್ಯಾಕಪ್ ಗುಂಡಿ ಒತ್ತಿದರೆ ವಾಟ್ಸ್ಯಾಪ್ ಫೋಟೋಗಿಂತಲೂ ಚಿಕ್ಕ ಕಡತವೊಂದು ಇಳಿಯುತ್ತದೆ. ಇಂಟರ್ನೆಟ್ ಕಂಪನಿ ಕೊಟ್ಟ ಕೆಲವು ಡಬ್ಬಿಗಳಲ್ಲಿ ಈ ಗುಂಡಿ ಮುಚ್ಚಿರುತ್ತದೆ. ಆಗ ಒಂದೊಂದೇ ಪುಟದ ಫೋಟೋ ತೆಗೆದಿಟ್ಟುಕೊಳ್ಳಬೇಕು.

ಆದರೆ ಆ ಕಡತವೇ ಇನ್ನೊಂದು ಅಪಾಯ. ನಿಮ್ಮ ಜಾಲದ ಬೀಗದ ಕೈಗಳೆಲ್ಲ ಅದರಲ್ಲಿರುತ್ತವೆ. ಸಿಸ್ಕೋ ಕಡತದಲ್ಲಿ 'ಪಾಸ್‌ವರ್ಡ್ 7' ಎಂದು ಶುರುವಾಗುವ ಸಾಲು ಗೂಢಲಿಪಿಯಂತೆ ಕಂಡರೂ ಕ್ಷಣದಲ್ಲಿ ಬಿಡಿಸಬಹುದಾದದ್ದು. 2025ರ ಸೆಪ್ಟೆಂಬರ್‌ನಲ್ಲಿ ಸಾನಿಕ್‌ವಾಲ್ ಕಂಪನಿಯ ಕ್ಲೌಡ್‌ನಲ್ಲಿದ್ದ ಫೈರ್‌ವಾಲ್ ಬ್ಯಾಕಪ್‌ಗಳು ಕಳ್ಳರ ಕೈಸೇರಿದವು. ಶೇ. 5ಕ್ಕಿಂತ ಕಡಿಮೆ ಗ್ರಾಹಕರದ್ದು ಎಂದಿದ್ದ ಕಂಪನಿ, ಅಕ್ಟೋಬರ್‌ನಲ್ಲಿ ಆ ಸೇವೆ ಬಳಸಿದ ಎಲ್ಲ ಗ್ರಾಹಕರದ್ದೂ ಎಂದು ಒಪ್ಪಿಕೊಂಡಿತು. ಹಳೆಯ ರೂಟರ್‌ಗಳ ಕಥೆಯೂ ಅಷ್ಟೆ. 2023ರಲ್ಲಿ ಸೈಬರ್ ಭದ್ರತಾ ಕಂಪನಿ ಈಸೆಟ್‌ನ ಸಂಶೋಧಕರು ಸೆಕೆಂಡ್ ಹ್ಯಾಂಡ್ ರೂಟರ್ ಕೊಂಡು ನೋಡಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಹಿಂದಿನ ಕಂಪನಿಗಳ ಗುಟ್ಟು ಹಾಗೇ ಉಳಿದಿತ್ತು. ಹಳೆಯ ಡಬ್ಬಿಯನ್ನು ಎಸ್.ಪಿ. ರೋಡ್‌ನ ಅಂಗಡಿಗೆ ಹಾಕುವ ಮುಂಚೆ ರಿಸೆಟ್ ಮಾಡಬೇಕಾದ್ದು ಇಲ್ಲಿ.

ಬ್ಯಾಕಪ್ ಕಡತವನ್ನು ಕಚೇರಿಯ ವಾಟ್ಸ್ಯಾಪ್ ಗುಂಪಿಗೆ ಹಾಕಬೇಡಿ, ಪಾಸ್‌ವರ್ಡ್ ಹಾಕಿದ ಪೆನ್‌ಡ್ರೈವ್‌ನಲ್ಲಿಡಿ. ಒಂದು ಮಾದರಿಯ ಕಡತ ಇನ್ನೊಂದು ಮಾದರಿಯ ರೂಟರ್‌ಗೆ ಸಾಮಾನ್ಯವಾಗಿ ಹೊಂದುವುದಿಲ್ಲ, ಫರ್ಮ್‌ವೇರ್ ಬದಲಾದರೂ ಕೆಲವೊಮ್ಮೆ ತಕರಾರು ಮಾಡುತ್ತದೆ. ಆದ್ದರಿಂದ ಪಿಪಿಪಿಒಇ ಹೆಸರು, ಪಾಸ್‌ವರ್ಡ್ ಮತ್ತು ವಿಲ್ಯಾನ್ ಸಂಖ್ಯೆಯನ್ನು ಒಂದು ಕಾಗದದಲ್ಲೂ ಬರೆದು ಬೀರುವಿನಲ್ಲಿಡಿ, ರೂಟರಿನ ಬೆನ್ನಿಗೆ ಅಂಟಿಸಬೇಡಿ.