ಮೊದಲು ಗಾಳಿ, ಆಮೇಲೆ ಇಂಧನ

ಕಾಶಿಗೆ ಹೋಗಿಬಂದ ಕನ್ನಡಿಗರಿಗೆ ಗೋದೌಲಿಯಾ ಚೌಕ ಹೊಸದಲ್ಲ. ಜಂಗಮವಾಡಿ ಮಠವೂ ದಶಾಶ್ವಮೇಧ ಘಾಟೂ ಅದರ ಆಸುಪಾಸಿನಲ್ಲೇ ಇವೆ. ಮೇ ತಿಂಗಳ ಮಧ್ಯಾಹ್ನ ಅಲ್ಲಿ 45 ಡಿಗ್ರಿ ಬಿಸಿಲು, ಜನವರಿಯ ಬೆಳಗ್ಗೆ 9 ಡಿಗ್ರಿ ಚಳಿ. ಟರ್ಬೊ ಇರುವ ಕಾರಿನ ಇಂಧನವನ್ನು ಹೆಚ್ಚುಕಡಿಮೆ ಮಾಡಹೊರಟವರು ಲೆಕ್ಕ ಶುರು ಮಾಡಬೇಕಾದದ್ದು ಇಂಥ ಅಂಕಿಗಳಿಂದ. ಟರ್ಬೊದಲ್ಲಿ ಒಂದೇ ದಂಡಿಗೆ ಎರಡು ಚಕ್ರಗಳು. ಸೈಲೆನ್ಸರಿನತ್ತ ಹೊರಟ ಬಿಸಿ ಹೊಗೆ ಒಂದನ್ನು ತಿರುಗಿಸುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಗಾಳಿಯ ಒತ್ತಡವನ್ನು ಇಮ್ಮಡಿ ಮಾಡುವ ಕಂಪ್ರೆಸರಿನ ದಕ್ಷತೆ ಶೇಕಡಾ 70 ಎಂದಿಟ್ಟುಕೊಂಡರೆ, 9 ಡಿಗ್ರಿಯಲ್ಲಿ ಒಳಹೊಕ್ಕ ಗಾಳಿ ಸುಮಾರು 97 ಡಿಗ್ರಿಯಾಗಿ ಹೊರಬರುತ್ತದೆ, 45ರಲ್ಲಿ ಹೊಕ್ಕದ್ದು ಸುಮಾರು 145 ಡಿಗ್ರಿಯಾಗಿ. ಅದನ್ನು ತಣಿಸಲೆಂದೇ ಇಂಟರ್‌ಕೂಲರ್ ಇದೆ. ಆದರೆ ಚೌಕದ ನೂಕುನುಗ್ಗಲಿನಲ್ಲಿ ತೆವಳುವ ಕಾರಿನ ಇಂಟರ್‌ಕೂಲರಿಗೆ ಎದುರುಗಾಳಿಯೇ ಸಿಗದೆ ಅದೂ ಕಾದು ಕೂತಿರುತ್ತದೆ. ಇಷ್ಟಲ್ಲದೆ, ಒಂದೇ ಒತ್ತಡದಲ್ಲಿ 9 ಡಿಗ್ರಿಯ ಗಾಳಿಗಿಂತ 45 ಡಿಗ್ರಿಯ ಗಾಳಿ ಶೇಕಡಾ 11ರಷ್ಟು ಹಗುರ. ಟರ್ಬೊ ಒತ್ತಡ ಅಳೆಯುವ ಬೂಸ್ಟ್ ಮುಳ್ಳು ಎರಡೂ ಋತುಗಳಲ್ಲಿ ಒಂದೇ ಗೆರೆ ತೋರಿಸುತ್ತಿದ್ದರೂ ಸಿಲಿಂಡರಿನೊಳಗಿನ ಗಾಳಿಯ ತೂಕ ಒಂದೇ ಅಲ್ಲ. ಹಾಗಾಗಿ ಇಂಧನ ಎಷ್ಟು ಬೇಕೆಂಬುದನ್ನು ಗಾಳಿಯ ತೂಕ ತೀರ್ಮಾನಿಸಬೇಕು, ಚಾಲಕನ ಆಸೆಯಲ್ಲ. ಸುರಕ್ಷಿತ ಟ್ಯೂನಿಂಗಿನ ತಳಪಾಯವೇ ಇದು.

ಇದಕ್ಕೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ ಅದೇ ಊರಿನಲ್ಲಿದೆ, ಆದರೆ ಅದು ಕಾರಲ್ಲ. ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್, ಅಂದರೆ 2020ರಿಂದ ಬನಾರಸ್ ಲೋಕೋಮೋಟಿವ್ ವರ್ಕ್ಸ್ ಎನಿಸಿಕೊಂಡಿರುವ ಕಾರ್ಖಾನೆ, 1964ರಲ್ಲಿ ತನ್ನ ಮೊದಲ ರೈಲು ಎಂಜಿನ್ನನ್ನು ಹೊರತಂದಿತು. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸದ, 16 ಸಿಲಿಂಡರುಗಳ, ಟರ್ಬೊ ಅಳವಡಿಸಿದ, 2600 ಅಶ್ವಶಕ್ತಿಯ ಡಬ್ಲ್ಯುಡಿಎಂ-2 ಅದು. ಮುಂದೆ ಅದೇ ಎಂಜಿನ್ ಕುಟುಂಬದ 16 ಸಿಲಿಂಡರುಗಳಿಂದ ಡಬ್ಲ್ಯುಡಿಎಂ-3ಎ 3100 ಅಶ್ವಶಕ್ತಿ ತೆಗೆಯಿತು, ಡಬ್ಲ್ಯುಡಿಎಂ-3ಡಿ 3300. ಬೆಂಗಳೂರಿನ ಕೃಷ್ಣರಾಜಪುರ ಶೆಡ್ಡಿನ ಎಂಜಿನ್ನುಗಳು ಎಳೆದ ರೈಲುಗಳಲ್ಲಿ ಕೂತವರು ಈ ಹೆಚ್ಚುವರಿ ಶಕ್ತಿಯನ್ನು ಬಳಸಿಕೊಂಡವರೇ. ಇಂಧನ ಪಂಪಿನ ಪ್ಲಂಜರ್ ದಪ್ಪವಾಯಿತು, ನಿಜ. ಆದರೆ ಅದೊಂದನ್ನೇ ಮಾಡಿ ಕೈತೊಳೆದುಕೊಳ್ಳಲಿಲ್ಲ. ಹೆಚ್ಚು ದಕ್ಷ ಟರ್ಬೊ ಬಂತು, ಒತ್ತಿದ ಗಾಳಿಯನ್ನು ತಣಿಸುವ ಆಫ್ಟರ್‌ಕೂಲರ್ ದೊಡ್ಡದಾಯಿತು. ಹೆಚ್ಚು ಇಂಧನವನ್ನು ಪೂರ್ತಿ ಉರಿಸುವಷ್ಟು ತಣ್ಣನೆಯ ಗಾಳಿಯನ್ನು ಒದಗಿಸಿಕೊಂಡೇ ಇಂಧನ ಹೆಚ್ಚಿಸಿದರು. ಗಾಳಿ ಹಿಂದೆ ಬಿದ್ದರೆ ಏನಾಗುತ್ತದೆಂಬುದೂ ಈ ಎಂಜಿನ್ನುಗಳಲ್ಲೇ ಕಾಣುತ್ತಿತ್ತು. ಚಾಲಕ ನಾಚ್ (ಶಕ್ತಿಯ ಹಂತ) ಏರಿಸಿದ ಕೂಡಲೆ ಇಂಧನ ಏರುತ್ತದೆ, ಟರ್ಬೊ ವೇಗ ಹಿಡಿಯಲು ಸ್ವಲ್ಪ ಹೊತ್ತು ಬೇಕು. ಆ ನಡುವಿನ ಅವಧಿಯಲ್ಲಿ ಚಿಮ್ಮುವ ಕಪ್ಪು ಹೊಗೆ ಗಾಳಿ ಸಾಲದೆ ಅರೆಬೆಂದ ಡೀಸೆಲ್.

ಡೀಸೆಲ್ಲಿನ ಪಾಠವನ್ನು ಪೆಟ್ರೋಲಿಗೆ ಹಾಗೆಯೇ ಒಪ್ಪಿಸಲಾಗದು ಎಂಬ ಆಕ್ಷೇಪ ಸರಿಯಾದದ್ದೇ. ಎರಡರ ಸ್ವಭಾವ ತಿರುಗಾಮುರುಗಾ. ಡೀಸೆಲ್ ಎಂಜಿನ್ ಉರಿಯಲು ಬೇಕಾದದ್ದಕ್ಕಿಂತ ಹೆಚ್ಚು ಗಾಳಿಯಲ್ಲೇ ಸಾಮಾನ್ಯವಾಗಿ ಓಡುತ್ತದೆ. ಇಂಧನ ಹೆಚ್ಚಿಸಿದಷ್ಟೂ ಹೊಗೆಯ ಬಿಸಿ ಏರಿ ಪಿಸ್ಟನ್ನಿಗೂ ಟರ್ಬೊಗೂ ಕುತ್ತು. ಪೆಟ್ರೋಲಿನಲ್ಲಿ 1 ಕಿಲೊ ಇಂಧನ ಪೂರ್ತಿ ಉರಿಯಲು 14.7 ಕಿಲೊ ಗಾಳಿ ಬೇಕು, ಆದರೆ ಪೂರ್ಣ ಬೂಸ್ಟಿನಲ್ಲಿ ಬೇಕೆಂದೇ 12 ಕಿಲೊ ಗಾಳಿಯ ಆಸುಪಾಸಿಗೆ ಇಂಧನ ಹೆಚ್ಚಿಸುತ್ತಾರೆ. ಹೆಚ್ಚುವರಿ ಪೆಟ್ರೋಲು ಆವಿಯಾಗುತ್ತ ಬಿಸಿಯನ್ನು ಹೀರುತ್ತದೆ. ಇಲ್ಲಿ ಇಂಧನ ಕಡಿಮೆಯಾದರೆ, ಅಂದರೆ ಮಿಶ್ರಣ ಲೀನ್ ಆದರೆ, ಕಿಡಿಯ ಜ್ವಾಲೆ ತಲುಪುವ ಮೊದಲೇ ಮೂಲೆಯ ಮಿಶ್ರಣ ತಾನಾಗಿ ಸಿಡಿದು ನಾಕಿಂಗ್ ಶುರುವಾಗಬಹುದು. ಪಿಸ್ಟನ್ ರಿಂಗುಗಳ ನಡುವಿನ ಅಂಚು ಮುರಿಯಲು ಜೋರಾದ ನಾಕಿಂಗ್ ಕೆಲವೇ ಕ್ಷಣ ಸಾಕು. ಹಾಗೆಂದು ಪೆಟ್ರೋಲು ಸುರಿದಷ್ಟೂ ಕ್ಷೇಮವೆಂದಲ್ಲ. ಅತಿಯಾದದ್ದು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆಯುತ್ತದೆ, ಪ್ಲಗ್ಗಿಗೆ ಮಸಿ ಹಿಡಿಸುತ್ತದೆ, ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ. ಯಾವ ಕಡೆಗೆ ತಪ್ಪಿದರೆ ಅಪಾಯ ಎಂಬುದು ಇಂಧನಕ್ಕೆ ತಕ್ಕಂತೆ ಬದಲಾಗುತ್ತದೆ, ಗಾಳಿಯನ್ನು ಮೊದಲು ಅಳೆಯಬೇಕೆಂಬುದು ಎರಡಕ್ಕೂ ಒಂದೇ.

ಅಳೆದ ಮೇಲೂ, ಎಂಜಿನ್ನಿನ ಕಂಪ್ಯೂಟರಿನಲ್ಲಿ ಬರೆದ ಇಂಧನ ಸಿಲಿಂಡರನ್ನು ತಲುಪಿತೇ ಎಂಬ ಪ್ರಶ್ನೆ ಉಳಿಯುತ್ತದೆ. ನಿಮಿಷಕ್ಕೆ 6000 ಸುತ್ತಿನಲ್ಲಿ ನಾಲ್ಕು ಹೊಡೆತದ ಎಂಜಿನ್ನಿನ ಒಂದು ಆವರ್ತ ಮುಗಿಯುವುದು 20 ಮಿಲಿಸೆಕೆಂಡಿನಲ್ಲಿ. ಇನ್‌ಟೇಕ್ ಕೊಳವೆಗೆ ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರು ಅಷ್ಟೂ ಹೊತ್ತು ಬಾಯಿ ತೆರೆದೇ ಇದ್ದರೆ ಅದಕ್ಕಿಂತ ಹೆಚ್ಚು ಕೊಡಲು ಅದರ ಬಳಿ ಏನೂ ಇಲ್ಲ. ಬಲ್ಲ ಟ್ಯೂನರುಗಳು 17 ಮಿಲಿಸೆಕೆಂಡಿನ ಹತ್ತಿರ ನಿಲ್ಲಿಸುತ್ತಾರೆ. ಒತ್ತಡದ ಮೋಸ ಇನ್ನೂ ಗುಪ್ತ. ಇಂಜೆಕ್ಟರಿನ ಹಿಂದೆ 3 ಬಾರ್ ಒತ್ತಡವಿದ್ದು ಮುಂದೆ 1 ಬಾರ್ ಬೂಸ್ಟ್ ಬಂದರೆ, ರೆಗ್ಯುಲೇಟರು ಬೂಸ್ಟಿಗೆ ತಕ್ಕಂತೆ ಏರಿಸದಿದ್ದ ಪಕ್ಷದಲ್ಲಿ, ಉಳಿಯುವ ವ್ಯತ್ಯಾಸ 2 ಬಾರ್. ಹರಿವು ಒತ್ತಡದ ವ್ಯತ್ಯಾಸದ ವರ್ಗಮೂಲವನ್ನು ಅನುಸರಿಸುವುದರಿಂದ ಇಂಧನ ಶೇಕಡಾ 18ರಷ್ಟು ಕುಸಿಯುತ್ತದೆ, ಅದೂ ಅತಿ ಹೆಚ್ಚು ಬೇಕಾದ ಗಳಿಗೆಯಲ್ಲಿ. ಫಿಲ್ಟರ್ ಕಟ್ಟಿಕೊಂಡ, ಮುದಿಯಾದ ಪಂಪಿನಲ್ಲೂ ಇದೇ ಕಥೆ.

ಕಂಪನಿಗಳು ಹೇಗೂ ಸಾಕಷ್ಟು ಅಂಚು ಬಿಟ್ಟಿರುತ್ತವೆ, ಅದನ್ನು ಬಳಸಿದರೆ ತಪ್ಪೇನು ಎಂದು ರೀಮ್ಯಾಪ್ ಮಾಡಿಸುವವರು, ಅಂದರೆ ಆ ಕಂಪ್ಯೂಟರಿನ ಲೆಕ್ಕಪಟ್ಟಿಯನ್ನು (ಮ್ಯಾಪು) ತಿದ್ದಿಸುವವರು, ಕೇಳುತ್ತಾರೆ. ಅಂಚು ಇರುವುದು ನಿಜ. ಆದರೆ ಅದು ಬಿಸಿಲಿಗೆ, ಕಳಪೆ ಪೆಟ್ರೋಲಿಗೆ, ಹಳತಾದ ಪ್ಲಗ್ಗಿಗೆ ಮೊದಲೇ ಹಂಚಿಹೋದದ್ದು. ಜನವರಿಯಲ್ಲಿ ಖಾಲಿ ಕಾಣುವ ಅಂಚು ಮೇ ತಿಂಗಳಲ್ಲಿ ತುಂಬಿರುತ್ತದೆ. ನಾಕ್ ಸೆನ್ಸರ್ ಕಾಯುತ್ತದೆ ಎನ್ನುವುದೂ ಅರ್ಧ ಸತ್ಯ. ನಾಕಿಂಗ್ ಆದ ಮೇಲೆಯೇ ಅದು ಕಿಡಿಯನ್ನು ತಡಮಾಡುವುದು, ಬತ್ತಿದ ಇಂಧನವನ್ನು ಅದು ತಂದುಕೊಡಲಾರದು. ಈಗ ಬಂಕುಗಳಲ್ಲಿ ಸಿಗುವ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಲೆಕ್ಕವನ್ನು ಇನ್ನಷ್ಟು ಬದಲಿಸಿದೆ. ನಾಕಿಂಗನ್ನು ಎಥನಾಲ್ ಚೆನ್ನಾಗಿ ತಡೆಯುತ್ತದೆ, ಅದು ಅದರ ಗುಣ. ಆದರೆ ಈ ಮಿಶ್ರಣದ 1 ಕಿಲೊಗೆ ಬೇಕಾದ ಗಾಳಿ ಸುಮಾರು 13.5 ಕಿಲೊ ಮಾತ್ರ, ಹಾಗಾಗಿ ಅಷ್ಟೇ ಗಾಳಿಗೆ ಎಥನಾಲ್ ಇಲ್ಲದ ಪೆಟ್ರೋಲಿಗಿಂತ ಶೇಕಡಾ 9ರಷ್ಟು ಹೆಚ್ಚು ಇಂಧನ ಕೊಡಬೇಕು. ಹಳೆಯ ಪೆಟ್ರೋಲಿಗೆ ಹೊಂದಿಸಿದ ಮ್ಯಾಪು, ಆಗಲೇ ಮಿತಿ ಮುಟ್ಟಿದ್ದ ಪಂಪು, ಎರಡೂ ಇದ್ದ ಕಾರಿಗೆ ಇದು ಸಣ್ಣ ಮಾತಲ್ಲ.

ಆದ್ದರಿಂದ ಟ್ಯೂನರನ್ನು ಎಷ್ಟು ಅಶ್ವಶಕ್ತಿ ಬರುತ್ತದೆ ಎಂದು ಕೇಳುವ ಮುನ್ನ ದಾಖಲೆ ಕೇಳಬೇಕು: ವೈಡ್‌ಬ್ಯಾಂಡ್ ಆಮ್ಲಜನಕ ಸೆನ್ಸರ್ ತೋರಿಸುವ ಮಿಶ್ರಣ, ಇಂಧನದ ಒತ್ತಡ, ಒಳಹೋಗುವ ಗಾಳಿಯ ಬಿಸಿ, ನಾಕಿಂಗ್ ಎಣಿಕೆ, ಇವೆಲ್ಲ ಒಂದೇ ಓಟದಲ್ಲಿ, ಎಂಜಿನ್ ಚೆನ್ನಾಗಿ ಕಾದಿರುವಾಗ ಬರೆದಿಟ್ಟದ್ದು. ಒಮ್ಮೆಗೆ ಒಂದೇ ಬದಲಾವಣೆ, ಅದೂ ಚಿಕ್ಕದು. ಓಟದ ನಡುವೆ ಮಿಶ್ರಣ ಲೀನ್ ಆಗತೊಡಗಿದರೆ ಕೂಡಲೇ ಆಕ್ಸಲರೇಟರಿನಿಂದ ಕಾಲು ತೆಗೆಯಬೇಕು. ಆಮೇಲೆ ಇಂಧನದ ಒತ್ತಡದ ಗೆರೆ ನೋಡಬೇಕು. ಅದೂ ಜೊತೆಗೇ ಇಳಿದಿದ್ದರೆ ಕಂಪ್ಯೂಟರಿನಲ್ಲಿ ಇಂಧನದ ಅಂಕಿ ಏರಿಸಿ ಪ್ರಯೋಜನವಿಲ್ಲ. ಪಂಪು, ಫಿಲ್ಟರು, ರೆಗ್ಯುಲೇಟರು ಸರಿಯಾಗುವವರೆಗೆ ಬೂಸ್ಟನ್ನೇ ಇಳಿಸಬೇಕು.