ಮಧ್ಯಾಂಗಣದ ನಾಯಕ

ಕಾಲ್ಚೆಂಡಾಟವನ್ನು ನೋಡಲು ನೆರೆದವರ ದೃಷ್ಟಿ ಸಾಮಾನ್ಯವಾಗಿ ಗೋಲು ಹೊಡೆಯುವವನ ಮೇಲಿರುತ್ತದೆ, ಇಲ್ಲವೆ ಗೋಲನ್ನು ಕಾಯುವವನ ಮೇಲಿರುತ್ತದೆ. ಆದರೆ ಆಟದ ಗತಿಯನ್ನು ಬಹುಮಟ್ಟಿಗೆ ನಿರ್ಧರಿಸುವವರು ಇವರಿಬ್ಬರ ನಡುವೆ ನಿಂತು ಆಡುವವರು. ಎದುರಾಳಿಯಿಂದ ಚೆಂಡನ್ನು ಕಸಿದುಕೊಳ್ಳುವುದು, ಒಂದು ಕ್ಷಣ ತಲೆಯೆತ್ತಿ ಅಂಗಣವನ್ನೆಲ್ಲ ನೋಡುವುದು, ತನ್ನ ಜೊತೆಗಾರನು ಓಡಿ ಸೇರುವ ಜಾಗಕ್ಕೆ ಸರಿಯಾದ ಹೊತ್ತಿಗೆ ಚೆಂಡನ್ನು ಕಳುಹಿಸುವುದು, ಇವು ಮಧ್ಯಾಂಗಣದ ಆಟಗಾರನ ಕೆಲಸಗಳು. ಇವಕ್ಕೆ ವೇಗಕ್ಕಿಂತ ವಿವೇಕವೂ ಬಲಕ್ಕಿಂತ ತಾಳ್ಮೆಯೂ ಹೆಚ್ಚಾಗಿ ಬೇಕು. ಕ್ರೊಯೇಷಿಯ ದೇಶದ ಜ್ವೊನಿಮಿರ್ ಬೊಬಾನ್ ಈ ಕಲೆಯಲ್ಲಿ ನಿಪುಣನೆನಿಸಿದವನು. ಆದರೆ ಅವನ ಹೆಸರು ಲೋಕದಲ್ಲೆಲ್ಲ ಹರಡಿದುದು ಅವನು ತಾಳ್ಮೆಗೆಟ್ಟ ಒಂದು ಗಳಿಗೆಯಿಂದ ಎಂಬುದು ವಿಚಿತ್ರವಾದರೂ ನಿಜ.

ಬೊಬಾನನು 1968ರ ಅಕ್ಟೋಬರ್ 8ರಂದು ಇಮೋಟ್ಸ್ಕಿ ಎಂಬ ಊರಿನಲ್ಲಿ ಜನಿಸಿದನು. ಆಗ ಕ್ರೊಯೇಷಿಯ ಪ್ರತ್ಯೇಕ ರಾಷ್ಟ್ರವಾಗಿರಲಿಲ್ಲ. ಸರ್ಬಿಯ, ಬೋಸ್ನಿಯ, ಮಾಂಟೆನಿಗ್ರೊ ಮೊದಲಾದ ನಾಡುಗಳೊಡನೆ ಅದು ಯುಗೊಸ್ಲಾವಿಯ ಎಂಬ ಒಕ್ಕೂಟದಲ್ಲಿ ಸೇರಿತ್ತು. ಬಾಲಕನಾಗಿದ್ದಾಗಲೇ ಬೊಬಾನನು ರಾಜಧಾನಿ ಜಾಗ್ರೆಬ್‌ನ ಡಿನಾಮೊ ಕ್ಲಬ್ಬನ್ನು ಸೇರಿದನು. ಚಿಕ್ಕ ವಯಸ್ಸಿನಲ್ಲಿಯೇ ಅದರ ನಾಯಕನೂ ಆದನು. 1987ರಲ್ಲಿ ಚಿಲಿ ದೇಶದಲ್ಲಿ ನಡೆದ ಕಿರಿಯರ ವಿಶ್ವ ಸ್ಪರ್ಧೆಯನ್ನು ಯುಗೊಸ್ಲಾವಿಯ ಗೆದ್ದಿತು. ಪಶ್ಚಿಮ ಜರ್ಮನಿಯ ವಿರುದ್ಧದ ಅಂತಿಮ ಪಂದ್ಯದಲ್ಲಿ ಗೋಲು ಹೊಡೆದವರಲ್ಲಿ ಬೊಬಾನನೂ ಒಬ್ಬನು. ಬೇರೆ ಬೇರೆ ನಾಡುಗಳ ಹುಡುಗರು ಒಂದೇ ಅಂಗಿ ತೊಟ್ಟು ಒಂದಾಗಿ ಗೆದ್ದ ಗೆಲುವು ಅದು.

ಆ ಒಗ್ಗಟ್ಟು ಬಹಳ ಕಾಲ ಉಳಿಯಲಿಲ್ಲ. ಒಕ್ಕೂಟದ ನಾಡುಗಳ ನಡುವೆ ವೈಮನಸ್ಯ ಬೆಳೆಯಿತು. 1990ರ ಮೇ 13ರಂದು ಜಾಗ್ರೆಬ್‌ನ ಮಾಕ್ಸಿಮಿರ್ ಕ್ರೀಡಾಂಗಣದಲ್ಲಿ ಡಿನಾಮೊ ತಂಡಕ್ಕೂ ಸರ್ಬಿಯದ ಬೆಲ್‌ಗ್ರೇಡಿನ ರೆಡ್ ಸ್ಟಾರ್ ತಂಡಕ್ಕೂ ಪಂದ್ಯ ಏರ್ಪಟ್ಟಿತ್ತು. ಎರಡು ಕಡೆಯ ಅಭಿಮಾನಿಗಳು ಹೊಡೆದಾಟಕ್ಕೆ ಇಳಿದರು. ಗಲಭೆ ಅಂಗಣಕ್ಕೂ ವ್ಯಾಪಿಸಿತು. ಡಿನಾಮೊ ತಂಡದ ಅಭಿಮಾನಿಯೊಬ್ಬನನ್ನು ಪೊಲೀಸರು ಥಳಿಸುತ್ತಿದ್ದುದನ್ನು ಕಂಡ ಬೊಬಾನನು ಓಡಿಹೋಗಿ ಒಬ್ಬ ಪೊಲೀಸನನ್ನು ಒದ್ದನು. ಆಗ ಅವನಿಗೆ ಇಪ್ಪತ್ತೊಂದು ವರ್ಷ.

ಆ ಒಂದು ಒದೆತದಿಂದ ಅವನು ಅನೇಕ ಕ್ರೊಯೇಷಿಯನ್ನರ ಪಾಲಿಗೆ ವೀರನಾದನು. ಇತರರ ಪಾಲಿಗೆ ಅಪರಾಧಿಯಾದನು. ಕ್ರೀಡಾಧಿಕಾರಿಗಳು ಅವನನ್ನು ಆಟದಿಂದ ಕೆಲವು ತಿಂಗಳು ದೂರವಿಟ್ಟರು. ಆ ವರ್ಷ ಇಟಲಿಯಲ್ಲಿ ನಡೆದ ವಿಶ್ವಕಪ್ ಸ್ಪರ್ಧೆಯಲ್ಲಿ ಆಡುವ ಅವಕಾಶ ಅವನಿಗೆ ತಪ್ಪಿಹೋಯಿತು. ಒದೆ ತಿಂದ ಪೊಲೀಸನನ್ನು ಜನ ಸರ್ಬಿಯದವನೆಂದೇ ಭಾವಿಸಿದ್ದರು. ವಾಸ್ತವದಲ್ಲಿ ಅವನು ಬೋಸ್ನಿಯದ ಮುಸ್ಲಿಮನಾಗಿದ್ದನು. ಮುಂದೆ ಅವನು ಬೊಬಾನನನ್ನು ಕ್ಷಮಿಸಿರುವುದಾಗಿ ಬಹಿರಂಗವಾಗಿ ಹೇಳಿದನು. ಕೋಪವು ಎದುರಿಗಿರುವ ಮನುಷ್ಯನನ್ನು ನೋಡುವುದಿಲ್ಲ, ಅವನ ಸಮವಸ್ತ್ರವನ್ನು ಮಾತ್ರ ನೋಡುತ್ತದೆ ಎಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ.

1991ರಲ್ಲಿ ಕ್ರೊಯೇಷಿಯ ಸ್ವಾತಂತ್ರ್ಯವನ್ನು ಘೋಷಿಸಿತು, ಯುದ್ಧವೂ ಆರಂಭವಾಯಿತು. ಅದೇ ವರ್ಷ ಬೊಬಾನನು ಇಟಲಿಯ ಪ್ರಖ್ಯಾತ ಮಿಲಾನ್ ಕ್ಲಬ್ಬಿಗೆ ಸೇರಿದನು. ಮಿಲಾನ್ ಅವನನ್ನು ಕೂಡಲೇ ಕಣಕ್ಕಿಳಿಸದೆ ಒಂದು ವರ್ಷದ ಮಟ್ಟಿಗೆ ಬಾರಿ ಎಂಬ ಸಣ್ಣ ತಂಡಕ್ಕೆ ಎರವಲು ಕೊಟ್ಟಿತು. ಮಿಲಾನ್‌ಗೆ ಹಿಂದಿರುಗಿದ ಮೇಲೂ ಅವನ ಸ್ಥಾನ ಸುಭದ್ರವಾಗಿರಲಿಲ್ಲ. ಇಟಲಿಯಲ್ಲಿ ಆಗ ಒಂದು ತಂಡದ ಪರವಾಗಿ ಒಮ್ಮೆಗೆ ಮೂವರು ವಿದೇಶೀಯರು ಮಾತ್ರ ಆಡಬಹುದಾಗಿತ್ತು. ಮಿಲಾನ್‌ನಲ್ಲಿಯಾದರೋ ಅದಕ್ಕಿಂತ ಹೆಚ್ಚು ಮಂದಿ ವಿದೇಶೀಯ ತಾರೆಗಳಿದ್ದರು. ಹೀಗಾಗಿ ಸರದಿಗಾಗಿ ಕಾಯುವುದನ್ನು ಬೊಬಾನನು ಕಲಿಯಬೇಕಾಯಿತು.

ಅಲ್ಲಿ ಅವನಿಗೆ ಜೊತೆಯಾದವರಲ್ಲಿ ಮಾಂಟೆನಿಗ್ರೊ ನಾಡಿನ ಡೆಯಾನ್ ಸಾವಿಚೆವಿಚ್ ಒಬ್ಬನು. ಇವನು ಹಿಂದೆ ಅದೇ ರೆಡ್ ಸ್ಟಾರ್ ತಂಡದ ಆಟಗಾರನಾಗಿದ್ದವನು. ತಾಯ್ನಾಡಿನಲ್ಲಿ ಇವರಿಬ್ಬರ ಕಡೆಯವರು ಪರಸ್ಪರ ಕಾದಾಡುತ್ತಿದ್ದ ಕಾಲದಲ್ಲಿಯೇ, ಮಿಲಾನ್‌ನ ಕೆಂಪು ಕಪ್ಪು ಪಟ್ಟೆಯ ಅಂಗಿ ತೊಟ್ಟು ಇವರು ಒಬ್ಬರಿಗೊಬ್ಬರು ಚೆಂಡನ್ನು ಒದಗಿಸುತ್ತಿದ್ದರು. 1994ರ ಮೇ 18ರಂದು ಅಥೆನ್ಸ್ ನಗರದಲ್ಲಿ ನಡೆದ ಯುರೋಪಿನ ಚಾಂಪಿಯನ್ ಕ್ಲಬ್ಬುಗಳ ಅಂತಿಮ ಪಂದ್ಯದಲ್ಲಿ ಮಿಲಾನ್ ಬಾರ್ಸಿಲೋನ ತಂಡವನ್ನು 4-0 ಗೋಲುಗಳಿಂದ ಸೋಲಿಸಿತು. ಆ ಗೋಲುಗಳಲ್ಲಿ ಒಂದು ಸಾವಿಚೆವಿಚನದು; ಮಧ್ಯಾಂಗಣದಲ್ಲಿ ದುಡಿದವರಲ್ಲಿ ಬೊಬಾನನೂ ಒಬ್ಬನು. ಮಿಲಾನ್‌ನಲ್ಲಿದ್ದ ಅವಧಿಯಲ್ಲಿ ಬೊಬಾನನು ನಾಲ್ಕು ಸಲ ಇಟಲಿಯ ಲೀಗ್ ಪ್ರಶಸ್ತಿಯಲ್ಲಿ ಪಾಲುಗಾರನಾದನು.

ಅವನಿಗೆ ತಪ್ಪಿಹೋಗಿದ್ದ ವಿಶ್ವಕಪ್ ಎಂಟು ವರ್ಷಗಳ ಬಳಿಕ ಒದಗಿಬಂದಿತು. 1998ರಲ್ಲಿ ಫ್ರಾನ್ಸ್ ದೇಶದಲ್ಲಿ ನಡೆದ ಸ್ಪರ್ಧೆಗೆ ಸ್ವತಂತ್ರ ಕ್ರೊಯೇಷಿಯ ಮೊದಲ ಬಾರಿಗೆ ಕಾಲಿಟ್ಟಿತು. ಬೊಬಾನನೇ ಅದರ ನಾಯಕ. ಈ ಪುಟ್ಟ ರಾಷ್ಟ್ರ ಕ್ವಾರ್ಟರ್ ಫೈನಲಿನಲ್ಲಿ ಬಲಿಷ್ಠ ಜರ್ಮನಿಯನ್ನು 3-0 ಗೋಲುಗಳಿಂದ ಮಣಿಸಿದಾಗ ಕ್ರೀಡಾಲೋಕ ಬೆರಗಾಯಿತು. ಸೆಮಿಫೈನಲಿನಲ್ಲಿ ಆತಿಥೇಯ ಫ್ರಾನ್ಸ್ ಎದುರಾಯಿತು. ಉತ್ತರಾರ್ಧದ ಆರಂಭದಲ್ಲಿಯೇ ದಾವೋರ್ ಷೂಕರ್ ಗೋಲು ಹೊಡೆದು ಕ್ರೊಯೇಷಿಯಕ್ಕೆ ಮುನ್ನಡೆ ತಂದನು. ಅದರ ಬೆನ್ನಿಗೇ ತನ್ನ ಗೋಲಿನ ಸಮೀಪದಲ್ಲಿ ಬೊಬಾನನು ಚೆಂಡನ್ನು ಕಳೆದುಕೊಂಡನು. ಫ್ರಾನ್ಸಿನ ತುರಾಮ್ ಅದನ್ನು ಕಸಿದು ಗೋಲಾಗಿಸಿದನು. ಬಳಿಕ ಇನ್ನೊಂದನ್ನೂ ಹೊಡೆದನು. ಕ್ರೊಯೇಷಿಯ 2-1ರಿಂದ ಸೋತಿತು.

ನಾಯಕನ ತಪ್ಪಿಗಿಂತ ಭಾರವಾದುದು ಆಟದಲ್ಲಿ ಬೇರೊಂದಿಲ್ಲ. ಮೂರು ದಿನಗಳ ತರುವಾಯ, ಮೂರನೆಯ ಸ್ಥಾನಕ್ಕಾಗಿ ನಡೆದ ಪಂದ್ಯದಲ್ಲಿ, ಅದೇ ನಾಯಕನು ಮತ್ತೆ ತಂಡವನ್ನು ಮುನ್ನಡೆಸಿ ಅಂಗಣಕ್ಕೆ ಬಂದನು. ಕ್ರೊಯೇಷಿಯ ನೆದರ್‌ಲೆಂಡ್ಸ್ ತಂಡವನ್ನು 2-1ರಿಂದ ಗೆದ್ದು ಕಂಚಿನ ಪದಕ ಪಡೆಯಿತು.

2001ರಲ್ಲಿ ಸ್ಪೇನಿನ ಸೆಲ್ಟಾ ವಿಗೊ ತಂಡದಲ್ಲಿ ಸ್ವಲ್ಪ ಕಾಲ ಆಡಿದ ಬಳಿಕ ಬೊಬಾನನು ಆಟಕ್ಕೆ ವಿದಾಯ ಹೇಳಿದನು. ಅನಂತರ ಜಾಗ್ರೆಬ್ ವಿಶ್ವವಿದ್ಯಾನಿಲಯದಲ್ಲಿ ಇತಿಹಾಸದ ಪದವಿ ಪಡೆದನು. 2021ರಲ್ಲಿ ಯುರೋಪಿನ ಕಾಲ್ಚೆಂಡಾಟದ ಆಡಳಿತ ಸಂಸ್ಥೆಯಲ್ಲಿ ಉನ್ನತ ಹುದ್ದೆಯೂ ದೊರೆಯಿತು. ಆ ಸಂಸ್ಥೆಯ ಅಧ್ಯಕ್ಷರ ಅಧಿಕಾರಾವಧಿಗಿದ್ದ ಮಿತಿಯನ್ನು ಸಡಿಲಿಸುವ ನಿಯಮ ಬದಲಾವಣೆ ತನಗೆ ಒಪ್ಪಿಗೆಯಾಗಲಿಲ್ಲವೆಂದು ಅವನು 2024ರ ಜನವರಿಯಲ್ಲಿ ಆ ಹುದ್ದೆಯನ್ನು ತ್ಯಜಿಸಿದನು. ಇಪ್ಪತ್ತೊಂದರ ಹರೆಯದಲ್ಲಿ ಅನ್ಯಾಯವೆಂದು ಕಂಡುದನ್ನು ಒದ್ದು ಪ್ರತಿಭಟಿಸಿದವನು, ಐವತ್ತೈದರ ವಯಸ್ಸಿನಲ್ಲಿ ಒಂದು ರಾಜೀನಾಮೆಯಿಂದ ಪ್ರತಿಭಟಿಸಿದನು.

ಇಂದಿಗೂ ಬೊಬಾನನ ಹೆಸರೆತ್ತಿದರೆ ಹಲವರಿಗೆ ನೆನಪಾಗುವುದು ಮಾಕ್ಸಿಮಿರ್ ಅಂಗಣದ ಆ ಒಂದು ಗಳಿಗೆ. ಅದನ್ನು ಮರೆಮಾಚಬೇಕಾಗಿಲ್ಲ, ಹಾಡಿ ಹೊಗಳಬೇಕಾಗಿಯೂ ಇಲ್ಲ. ಆದರೆ ಸರದಿಗಾಗಿ ಕಾದ ದಿನಗಳು, ಎದುರು ಪಾಳೆಯದವನೊಡನೆ ಹಂಚಿಕೊಂಡ ಗೆಲುವು, ತಪ್ಪಿನ ಮರುದಿನಗಳಲ್ಲಿ ತೋರಿದ ಧೈರ್ಯ, ಇವೆಲ್ಲವೂ ಸೇರಿದರೆ ಮಾತ್ರ ಆ ಬಾಳಿನ ಚಿತ್ರ ಪೂರ್ಣವಾಗುತ್ತದೆ.