ಜಠರ ಕಿರಿದಾದ ಮೇಲೆ

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಉಣ್ಣುವುದೂ ಒಂದು ವಿದ್ಯೆ ಎಂಬುದು ಅದರ ತಾತ್ಪರ್ಯ. ಆ ವಿದ್ಯೆಯನ್ನು ಮೂವತ್ತನೆಯ ವಯಸ್ಸಿನಲ್ಲೋ ಐವತ್ತನೆಯ ವಯಸ್ಸಿನಲ್ಲೋ, ಹಸುಗೂಸಿನಂತೆ ಮೊದಲಿನಿಂದ ಕಲಿಯಬೇಕಾಗಿ ಬಂದವರೂ ಉಂಟು. ಮಿತಿಮೀರಿದ ಬೊಜ್ಜಿನ ನಿವಾರಣೆಗಾಗಿ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರೇ ಇವರು. ಶಸ್ತ್ರವೈದ್ಯನ ಕೆಲಸ ಒಂದೆರಡು ಗಂಟೆಗಳಲ್ಲಿ ಮುಗಿಯುವುದು. ರೋಗಿಯ ಕೆಲಸ ಅಂದಿನಿಂದ ಮೊದಲಾಗಿ ಬಾಳಿನುದ್ದಕ್ಕೂ ನಡೆಯುವುದು. ಈ ಎರಡನೆಯ ಕೆಲಸ ಎಂಥದು, ಅದು ಏಕೆ ಅಗತ್ಯ ಎಂಬುದನ್ನು ಇಲ್ಲಿ ವಿಚಾರಿಸೋಣ.

ದೇಹದ ಹಟ

“ಕಡಮೆ ತಿಂದರೆ ಸಾಕು, ತಾನಾಗಿಯೇ ಇಳಿಯುತ್ತದೆ, ಶಸ್ತ್ರಚಿಕಿತ್ಸೆ ಏತಕ್ಕೆ?” ಎಂದು ಕೇಳುವವರು ಬಹಳ. ಸ್ವಲ್ಪ ತೂಕ ಹೆಚ್ಚಿದ್ದವರಿಗೆ ಈ ಮಾತು ಒಪ್ಪಬಹುದು. ಆದರೆ ಬೊಜ್ಜು ಬಹಳವಾಗಿ ಬೆಳೆದವರಲ್ಲಿ ತೂಕವಿಳಿಸುವ ಪ್ರತಿಯೊಂದು ಪ್ರಯತ್ನವನ್ನೂ ದೇಹವೇ ಎದುರಿಸಿ ನಿಲ್ಲುವುದು. ಆಹಾರ ಕಡಮೆಯಾದೊಡನೆ ದೇಹವು ಅದನ್ನು ಬರಗಾಲವೆಂದೇ ಬಗೆದು ತನ್ನ ಖರ್ಚನ್ನು ಕುಗ್ಗಿಸುತ್ತದೆ, ಹಸಿವನ್ನು ಹೆಚ್ಚಿಸುತ್ತದೆ.

ಅಮೆರಿಕದ ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ೧೯೪೪–೪೫ರಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ನಡೆಸಿದ ಪ್ರಯೋಗ ಇದಕ್ಕೆ ಒಳ್ಳೆಯ ನಿದರ್ಶನ. ಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದ ೩೬ ಮಂದಿ ಆರೋಗ್ಯವಂತ ತರುಣರು ತಾವಾಗಿಯೇ ಮುಂದೆ ಬಂದು ೨೪ ವಾರಗಳ ಕಾಲ ಅರೆಹೊಟ್ಟೆಯಲ್ಲಿದ್ದರು. ತೂಕದಲ್ಲಿ ಸುಮಾರು ಕಾಲುಭಾಗ ಇಳಿಯಿತು. ಅವರ ನಾಡಿ ಮಂದವಾಯಿತು, ಮೈ ತಣ್ಣಗಾಯಿತು. ಹಗಲೂ ರಾತ್ರಿಯೂ ಅವರಿಗೆ ಊಟದ್ದೇ ಧ್ಯಾನ. ಅಡುಗೆ ಪುಸ್ತಕಗಳನ್ನು ತಂದಿಟ್ಟುಕೊಂಡು ಓದಿದವರೂ ಇದ್ದರು. ಅವರು ಬೊಜ್ಜಿನವರಲ್ಲ, ದುರ್ಬಲಮನಸ್ಕರಂತೂ ಅಲ್ಲವೇ ಅಲ್ಲ. ಹಸಿವೆಂಬುದು ಕೇವಲ ಮನಸ್ಸಿನ ಚಾಪಲ್ಯವಲ್ಲ, ದೇಹದ ಆಜ್ಞೆ ಎಂಬುದು ಇದರಿಂದ ಸ್ಪಷ್ಟವಾಯಿತು. ಆದ್ದರಿಂದ ಸ್ಥೂಲಕಾಯರನ್ನು ಸೋಮಾರಿಗಳೆಂದೂ ಹೊಟ್ಟೆಬಾಕರೆಂದೂ ಹಳಿಯುವುದು ವಿಜ್ಞಾನಕ್ಕೆ ಒಪ್ಪುವ ಮಾತಲ್ಲ.

ಶಸ್ತ್ರಚಿಕಿತ್ಸೆ ಹುಟ್ಟಿದ ಬಗೆ

ಮೊದಮೊದಲು ವೈದ್ಯರು ಕೈಹಾಕಿದ್ದು ಕರುಳಿಗೆ. ಅದೇ ಮಿನೆಸೋಟದಲ್ಲಿ ಕ್ರೆಮೆನ್, ಲಿನ್ನರ್ ಮತ್ತು ನೆಲ್ಸನ್ ಎಂಬವರು ಸಣ್ಣ ಕರುಳಿನ ಬಹುಭಾಗವನ್ನು ಬಳಸಿಕೊಂಡು ಆಹಾರ ಹಾಯ್ದುಹೋಗುವಂತೆ ಒಂದು ಅಡ್ಡದಾರಿ ಮಾಡಿ, ೧೯೫೪ರಲ್ಲಿ ಅದನ್ನು ಪ್ರಕಟಿಸಿದರು. ತಿಂದದ್ದು ಮೈಗೆ ಹತ್ತದೆ ಹೊರಹೋಗಬೇಕೆಂಬುದು ಅದರ ಯುಕ್ತಿ. ತೂಕವೇನೋ ಇಳಿಯಿತು, ಆದರೆ ಆ ದಾರಿ ಹಿಡಿದ ಅನೇಕರಿಗೆ ಬಿಡದ ಭೇದಿ, ಮೂತ್ರಪಿಂಡದ ಕಲ್ಲು, ಯಕೃತ್ತಿನ ಕೇಡು ಬಂದು ಆ ಕ್ರಮವನ್ನೇ ಕೈಬಿಡಬೇಕಾಯಿತು.

ಎರಡನೆಯ ದಾರಿ ಅಯೋವ ವಿಶ್ವವಿದ್ಯಾನಿಲಯದಲ್ಲಿ ಕಾಣಿಸಿತು. ಹುಣ್ಣಿನ ಕಾರಣದಿಂದ ಜಠರದ ಭಾಗವನ್ನು ಕಳೆದುಕೊಂಡವರು ತೂಕ ಇಳಿದು ಹಾಗೆಯೇ ಉಳಿಯುವುದನ್ನು ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯ ಗಮನಿಸಿದ. ಹುಣ್ಣಿನ ರೋಗಿಗೆ ತೊಂದರೆಯಾದದ್ದು ಬೊಜ್ಜಿನ ರೋಗಿಗೆ ಮದ್ದಾಗಬಾರದೇಕೆ? ಚಿಕಾಶಿ ಇಟೊ ಎಂಬ ಸಹೋದ್ಯೋಗಿಯೊಡನೆ ೧೯೬೬ರಲ್ಲಿ ಮೇಸನ್ ಜಠರದ ಅಡ್ಡದಾರಿಯ ಶಸ್ತ್ರಚಿಕಿತ್ಸೆಯನ್ನು ಆರಂಭಿಸಿದ. ಇದರ ಇಂದಿನ ರೂಪದಲ್ಲಿ, ಲೀಟರಿನಷ್ಟು ಆಹಾರ ಹಿಡಿಸಬಲ್ಲ ಜಠರದ ಮೇಲ್ತುದಿಯಲ್ಲಿ ಸುಮಾರು ೩೦ ಮಿಲಿಲೀಟರಿನ ಪುಟ್ಟ ಚೀಲವೊಂದನ್ನು ಬೇರ್ಪಡಿಸಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಹೊಲಿಯುತ್ತಾರೆ. ಉಳಿದ ಜಠರವು ಹೊಟ್ಟೆಯಲ್ಲಿಯೇ ಇದ್ದರೂ ಆಹಾರವನ್ನು ಕಾಣುವುದಿಲ್ಲ. ಇನ್ನೊಂದು ಕ್ರಮದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಮಿಗಿಲಾಗಿ ಕತ್ತರಿಸಿ ತೆಗೆದು, ಅಂಗಿಯ ತೋಳಿನಂತಹ ಸಪುರವಾದ ಕೊಳವೆಯನ್ನು ಮಾತ್ರ ಉಳಿಸುತ್ತಾರೆ. ಇಂದು ಪ್ರಪಂಚದಲ್ಲಿ ಹೆಚ್ಚಾಗಿ ನಡೆಯುವುದು ಇದೇ.

ಯಾರಿಗೆ ಈ ಚಿಕಿತ್ಸೆ? ತೂಕವನ್ನು ಕಿಲೋಗ್ರಾಮಿನಲ್ಲಿ ಬರೆದು, ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆ ದೇಹತೂಕದ ಸೂಚ್ಯಂಕ. ೧.೬ ಮೀಟರ್ ಎತ್ತರದವರು ೯೦ ಕಿಲೋಗ್ರಾಂ ತೂಗಿದರೆ ಸೂಚ್ಯಂಕ ಸುಮಾರು ೩೫. ೧೯೯೧ರಲ್ಲಿ ಅಮೆರಿಕದಲ್ಲಿ ಹಾಕಿದ ನಿಯಮದಂತೆ ಸೂಚ್ಯಂಕ ೪೦ ದಾಟಿರಬೇಕಿತ್ತು. ಮಧುಮೇಹದಂತಹ ರೋಗ ಜೊತೆಗಿದ್ದರೆ ೩೫ ಸಾಕಿತ್ತು. ೨೦೨೨ರಲ್ಲಿ ಶಸ್ತ್ರವೈದ್ಯರ ಸಂಘಗಳು ಬೇರೆ ರೋಗವಿಲ್ಲದಿದ್ದರೂ ೩೫ ಸಾಕೆಂದವು. ಏಷ್ಯಾದವರಲ್ಲಿ ಇನ್ನೂ ಕಡಮೆ ತೂಕಕ್ಕೇ ಮಧುಮೇಹ ತಲೆದೋರುವುದರಿಂದ, ನಮ್ಮಂಥವರಿಗೆ ೨೭.೫ ಎಂಬುದೇ ಗಡಿ.

ಚೀಲವಷ್ಟೇ ಅಲ್ಲ, ಸಂದೇಶವೂ

ಚೀಲ ಕಿರಿದಾಯಿತು, ಆದ್ದರಿಂದ ಕಡಮೆ ತಿನ್ನುತ್ತಾರೆ ಎಂದು ಬಹುಕಾಲ ತಿಳಿಯಲಾಗಿತ್ತು. ಇದು ಅರ್ಧ ಸತ್ಯ. ೧೯೯೯ರಲ್ಲಿ ಜಪಾನಿನ ಕೊಜಿಮ ಮತ್ತು ಕಂಗಾವ ಎಂಬ ವಿಜ್ಞಾನಿಗಳು ಜಠರದಲ್ಲಿ ಗ್ರೆಲಿನ್ ಎಂಬ ಹಾರ್ಮೋನನ್ನು ಕಂಡುಹಿಡಿದರು. ಊಟಕ್ಕೆ ಮುಂಚೆ ಇದು ರಕ್ತದಲ್ಲಿ ಏರಿ, “ಹಸಿವಾಗಿದೆ” ಎಂದು ಮಿದುಳಿಗೆ ತಿಳಿಸುತ್ತದೆ. ಇದು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದ ಗುಮ್ಮಟದಂತಹ ಎಡೆಯಲ್ಲಿ. ಜಠರವನ್ನು ಕೊಳವೆಯಾಗಿಸುವಾಗ ಕತ್ತರಿಸಿ ತೆಗೆಯುವುದೂ ಆ ಭಾಗವನ್ನೇ. ಅತ್ತ ಅಡ್ಡದಾರಿಯ ಚಿಕಿತ್ಸೆಯಲ್ಲಿ ಆಹಾರವು ಕರುಳಿನ ಕೆಳಭಾಗವನ್ನು ಬೇಗನೆ ಮುಟ್ಟುವುದರಿಂದ, “ಸಾಕು” ಎಂದು ಹೇಳುವ ಬೇರೆ ಹಾರ್ಮೋನುಗಳು ಹೆಚ್ಚಾಗಿ ಒಸರುತ್ತವೆ. ಇವು ಇನ್ಸುಲಿನ್ನಿನ ಉತ್ಪಾದನೆಯನ್ನೂ ಪ್ರಚೋದಿಸುತ್ತವೆ. ತೂಕ ಇಳಿಯುವುದಕ್ಕೆ ಮೊದಲೇ, ಕೆಲವೇ ದಿನಗಳಲ್ಲಿ, ಅನೇಕ ಮಧುಮೇಹಿಗಳ ರಕ್ತದ ಸಕ್ಕರೆ ಹತೋಟಿಗೆ ಬರುವುದಕ್ಕೆ ಇದೂ ಒಂದು ಕಾರಣ.

ಒಂದೆರಡು ವರ್ಷಗಳಲ್ಲಿ ಒಟ್ಟು ತೂಕದ ಕಾಲುಭಾಗದಷ್ಟೋ ಅದಕ್ಕೂ ಹೆಚ್ಚೋ ಇಳಿಯುವುದು ಸಾಮಾನ್ಯ. ಸ್ವೀಡನ್ನಿನಲ್ಲಿ ೧೯೮೭ರಿಂದ ಮೊದಲಾಗಿ, ಚಿಕಿತ್ಸೆ ಪಡೆದ ಸುಮಾರು ೨,೦೦೦ ಮಂದಿಯನ್ನೂ ಪಡೆಯದ ಅಷ್ಟೇ ಮಂದಿ ಸ್ಥೂಲಕಾಯರನ್ನೂ ಬಹುಕಾಲ ಹೋಲಿಸಿ ನೋಡಲಾಯಿತು. ಚಿಕಿತ್ಸೆ ಪಡೆದವರಲ್ಲಿ ಸಾವು ಕಡಮೆಯೆಂದು ೨೦೦೭ರಲ್ಲಿ ತಿಳಿದುಬಂತು. ಹೊಲಿಗೆ ಸೋರುವುದು, ರಕ್ತ ಹೆಪ್ಪುಗಟ್ಟುವುದು ಮುಂತಾದ ಅಪಾಯಗಳು ಇಲ್ಲದಿಲ್ಲ. ಆದರೂ ತಕ್ಕವರಿಗೆ ಇದರಿಂದ ಲಾಭವೇ ಹೆಚ್ಚು.

ತುತ್ತಿನ ಹೊಸ ಪಾಠ

ಪಾಠ ಮೊದಲಾಗುವುದು ಶಸ್ತ್ರಚಿಕಿತ್ಸೆಗೆ ಮುಂಚೆಯೇ. ಸುಮಾರು ಎರಡು ವಾರ ಮಿತಾಹಾರದಲ್ಲಿದ್ದರೆ ಕೊಬ್ಬಿನಿಂದ ಉಬ್ಬಿದ ಯಕೃತ್ತು ಕುಗ್ಗಿ, ಅದರ ಅಡಿಯಲ್ಲಿರುವ ಜಠರವನ್ನು ಮುಟ್ಟಲು ವೈದ್ಯನಿಗೆ ಎಡೆ ದೊರೆಯುವುದು. ಚಿಕಿತ್ಸೆಯಾದ ಮೇಲೆ ಮೊದಲು ನೀರು, ತಿಳಿಸಾರು; ಬಳಿಕ ಮಜ್ಜಿಗೆ, ಹಾಲು, ಬೇಳೆಯ ಕಟ್ಟು. ಎರಡು ವಾರಗಳ ತರುವಾಯ ನುಣ್ಣಗೆ ಅರೆದ ಆಹಾರ. ಆಮೇಲೆ ಮೆತ್ತಗೆ ಬೇಯಿಸಿದ್ದು. ಸಾಮಾನ್ಯ ಊಟಕ್ಕೆ ಮರಳಲು ಒಂದೂವರೆ ಎರಡು ತಿಂಗಳು ಬೇಕು. ಹೊಲಿಗೆ ಮಾಯಲು ಕಾಲಾವಕಾಶ ಕೊಡುವುದೇ ಈ ಕ್ರಮದ ಉದ್ದೇಶ.

ಅನಂತರದ ನಿಯಮಗಳು ಕೇಳಲು ಸುಲಭ, ಪಾಲಿಸಲು ಕಷ್ಟ. ತುತ್ತು ಚಿಕ್ಕದಾಗಿರಬೇಕು. ಅದನ್ನು ಇಪ್ಪತ್ತು ಮೂವತ್ತು ಬಾರಿ ಅಗಿಯಬೇಕು, ಏಕೆಂದರೆ ಜಠರ ಅರೆಯುತ್ತಿದ್ದ ಕೆಲಸವೀಗ ಹಲ್ಲುಗಳ ಪಾಲು. ಹೊಟ್ಟೆ ತುಂಬಿತೆಂದು ತೋರಿದೊಡನೆ ನಿಲ್ಲಿಸಬೇಕು. ಮೇಲೆ ಒಂದು ತುತ್ತು ಹೋದರೂ ಎದೆಯಲ್ಲಿ ನೋವು, ವಾಂತಿ. ಎಲೆಯ ಪಕ್ಕದಲ್ಲಿ ನೀರಿನ ಲೋಟವಿಟ್ಟುಕೊಂಡು ಉಣ್ಣುವ ನಮ್ಮ ರೂಢಿಯನ್ನು ಬಿಡಬೇಕು. ನೀರು ಕುಡಿಯುವುದು ಊಟವಾಗಿ ಅರ್ಧ ಗಂಟೆಯ ಮೇಲೆ, ಅದೂ ಗುಟುಕು ಗುಟುಕಾಗಿ. ಆದರೂ ದಿನಕ್ಕೆ ಒಂದೂವರೆ ಲೀಟರಿಗೆ ಕಡಮೆಯಾಗಬಾರದು.

ಸಸಾರಜನಕದ ಲೆಕ್ಕ ಇನ್ನೂ ಬಿಗಿ. ಅದು ಸಾಲದೆ ಹೋದರೆ ದೇಹವು ಕೊಬ್ಬಿನೊಡನೆ ಸ್ನಾಯುಗಳನ್ನೂ ಕರಗಿಸಿಕೊಳ್ಳುತ್ತದೆ. ದಿನಕ್ಕೆ ೬೦ರಿಂದ ೮೦ ಗ್ರಾಂ ಬೇಕು. ಒಂದು ಕೋಳಿಮೊಟ್ಟೆಯಲ್ಲಿ ಇರುವುದು ೬ ಗ್ರಾಂ. ೧೦೦ ಮಿಲಿಲೀಟರ್ ಹಾಲಿನಲ್ಲಿ ಮೂರು ಗ್ರಾಮಿಗೆ ತುಸು ಮೇಲೆ. ೧೦೦ ಗ್ರಾಂ ತೊಗರಿಬೇಳೆಯಲ್ಲಿ ಸುಮಾರು ೨೨. ಅಷ್ಟೇ ರಾಗಿಯಲ್ಲಿ ಸುಮಾರು ೭. ಅಂಗೈಯಷ್ಟು ಊಟದಲ್ಲಿ ಈ ಲೆಕ್ಕ ಮುಟ್ಟಿಸುವುದು ಹೇಗೆ? ಅನ್ನ ಮೊದಲು, ಬೇಳೆ ನಂಚಿಕೊಳ್ಳಲು ಎಂಬ ಪದ್ಧತಿ ತಲೆಕೆಳಗಾಗಬೇಕು. ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನು ಮೊದಲು, ತರಕಾರಿ ಆಮೇಲೆ, ಅನ್ನ ಕೊನೆಗೆ, ಎಡೆಯಿದ್ದರೆ.

ಸಿಹಿಯ ವಿಚಾರದಲ್ಲಂತೂ ಎಚ್ಚರ ಬೇಕೇ ಬೇಕು. ಜಠರವು ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಕರುಳಿಗೆ ಬಿಡುವ ಬಾಗಿಲು ಕಾಯುವವನಿದ್ದಂತೆ. ಅಡ್ಡದಾರಿಯಲ್ಲಿ ಈ ಕಾವಲುಗಾರನಿಲ್ಲ. ಜಾಮೂನಿನ ಪಾಕದಂತಹ ಗಾಢ ಸಕ್ಕರೆ ಒಮ್ಮೆಲೆ ಕರುಳಿಗೆ ಸುರಿದರೆ, ಅದನ್ನು ತೆಳುಮಾಡಲು ರಕ್ತದಿಂದ ನೀರು ಕರುಳಿಗೆ ಇಳಿಯುತ್ತದೆ. ಕಾಲುಗಂಟೆ ಅರ್ಧಗಂಟೆಯೊಳಗೆ ಹೊಟ್ಟೆ ನುಲಿತ, ಬೆವರು, ಎದೆ ಡವಗುಟ್ಟುವಿಕೆ, ಭೇದಿ. ಬಳಿಕ ಇನ್ಸುಲಿನ್ ಅತಿಯಾಗಿ ಒಸರಿ, ಒಂದರಿಂದ ಮೂರು ಗಂಟೆಗಳಲ್ಲಿ ರಕ್ತದ ಸಕ್ಕರೆ ಕುಸಿದು ತಲೆಸುತ್ತುವುದೂ ಉಂಟು. ಮದ್ಯವೂ ಹಾಗೆಯೇ ಬೇಗನೆ ರಕ್ತಕ್ಕೆ ಸೇರಿ ಹೆಚ್ಚು ಅಮಲೇರಿಸುವುದು.

ಕಾಣದ ಕೊರತೆ

ತಿನ್ನುವುದು ಕಡಮೆ, ಹೀರುವ ದಾರಿಯೂ ಕಿರಿದು. ಆದ್ದರಿಂದ ಕಬ್ಬಿಣ, ಕ್ಯಾಲ್ಸಿಯಂ, ಜೀವಸತ್ವಗಳ ಕೊರತೆ ಸದ್ದಿಲ್ಲದೆ ಬರುವುದು. ಬಿ೧೨ ಜೀವಸತ್ವದ ಕಥೆಯನ್ನು ವಿದ್ಯಾರ್ಥಿಗಳು ಅರಿತಿರಬೇಕು. ೧೯೨೦ರ ದಶಕದ ಕೊನೆಯಲ್ಲಿ ಬೋಸ್ಟನ್ನಿನ ವಿಲಿಯಂ ಕ್ಯಾಸಲ್ ಎಂಬ ವೈದ್ಯ ತಾನು ಮಾಂಸ ತಿಂದು, ಒಂದು ಗಂಟೆಯ ಬಳಿಕ ಅದನ್ನು ತನ್ನ ಜಠರದಿಂದ ಹೊರತೆಗೆದು, ಒಂದು ಬಗೆಯ ಮಾರಕ ರಕ್ತಹೀನತೆಯ ರೋಗಿಗಳಿಗೆ ನಳಿಗೆಯ ಮೂಲಕ ಕೊಟ್ಟ. ಬರಿಯ ಮಾಂಸದಿಂದ ಗುಣವಾಗದವರು ಇದರಿಂದ ಚೇತರಿಸಿಕೊಂಡರು! ಆರೋಗ್ಯವಂತ ಜಠರದಿಂದ ಒಸರುವ ಒಂದು ವಸ್ತು ಬಿ೧೨ನ್ನು ಹೀರಿಕೊಳ್ಳಲು ಅವಶ್ಯ ಎಂಬುದು ಇದರ ಗುಟ್ಟು. ಆಹಾರವು ಆ ಜಠರವನ್ನೇ ತಪ್ಪಿಸಿಹೋದರೆ ಆ ವಸ್ತು ಸಾಕಷ್ಟು ಬೆರೆಯುವುದಿಲ್ಲ. ಸಸ್ಯಾಹಾರಿಗಳಲ್ಲಿ ಬಿ೧೨ ಮೊದಲೇ ಕಡಮೆ. ಅವರು ಇನ್ನೂ ಎಚ್ಚರದಿಂದಿರಬೇಕು.

ಬಿ೧ ಜೀವಸತ್ವದ ಶೇಖರವಂತೂ ದೇಹದಲ್ಲಿ ಕೆಲವೇ ವಾರಗಳಿಗೆ ಸಾಲುವಷ್ಟು. ವಾಂತಿ ನಿಲ್ಲದಿದ್ದರೆ ಅದು ಬರಿದಾಗಿ ನರಗಳಿಗೂ ಮಿದುಳಿಗೂ ಕೇಡು ತಟ್ಟಬಹುದು. ಹೀಗಾಗಿ ಪೋಷಕ ಮಾತ್ರೆಗಳನ್ನು ಜೀವಮಾನವಿಡೀ ಸೇವಿಸಬೇಕು, ರಕ್ತಪರೀಕ್ಷೆಯನ್ನು ನಿಯತವಾಗಿ ಮಾಡಿಸಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳು ಒಂದನ್ನೊಂದು ತಡೆಯುವುದರಿಂದ ನಡುವೆ ಎರಡು ಗಂಟೆ ಅಂತರವಿರಬೇಕು. ಮೂರು ನಾಲ್ಕು ತಿಂಗಳಾದಾಗ ಕೂದಲು ಉದುರುವುದು ಅನೇಕರಿಗೆ ಗಾಬರಿ ಹುಟ್ಟಿಸುತ್ತದೆ. ಬೇಗನೆ ತೂಕ ಇಳಿದಾಗ ಹೀಗಾಗುವುದು ಸಹಜ. ಪೋಷಣೆ ಸರಿಯಾಗಿದ್ದರೆ ಕೂದಲು ಮರಳಿ ಬರುವುದು. ಹೆಂಗಸರು ಒಂದು ಒಂದೂವರೆ ವರ್ಷ ಗರ್ಭ ಧರಿಸದಿರುವುದು ಕ್ಷೇಮ.

ಮನೆಯವರ ಪಾಲು

ಈ ಚಿಕಿತ್ಸೆ ಮಂತ್ರದಂಡವಲ್ಲ. ಕಿರಿದಾದ ಜಠರವು ರೊಟ್ಟಿಯನ್ನು ತಡೆಯಬಲ್ಲದು. ಕರಗಿದ ಐಸ್‌ಕ್ರೀಮನ್ನು, ಸಿಹಿ ಪಾನೀಯವನ್ನು ತಡೆಯಲಾರದು. ದಿನವಿಡೀ ಕುರುಕಲು ಮೆಲ್ಲುತ್ತಿದ್ದರೂ ಇಳಿದ ತೂಕ ಮೆಲ್ಲಗೆ ಹಿಂದಿರುಗುತ್ತದೆ. ಮೊದಲ ವರ್ಷ ಹಸಿವು ಅಡಗಿರುವ ಕಾಲ. ಹೊಸ ಅಭ್ಯಾಸಗಳು ಬೇರೂರಬೇಕಾದದ್ದು ಆಗಲೇ. ಚಿಕಿತ್ಸೆಯಾದ ದಿನವೋ ಮರುದಿನವೋ ಆರಂಭಿಸಿದ ನಡಿಗೆಯನ್ನು ಬಿಡದೆ ಬೆಳೆಸುವುದು, ಸ್ನಾಯುಗಳಿಗೆ ಕೆಲಸ ಕೊಡುವುದು, ಹೊತ್ತಿಗೆ ಸರಿಯಾಗಿ ಉಣ್ಣುವುದು, ದುಃಖವನ್ನೂ ಬೇಸರವನ್ನೂ ತಿಂಡಿಯಿಂದ ಮರೆಯದಿರುವುದು—ಇವು ಶಸ್ತ್ರದಿಂದ ಆಗುವ ಕೆಲಸಗಳಲ್ಲ.

ಇವು ಒಬ್ಬರಿಂದಲೇ ಆಗುವ ಕೆಲಸಗಳೂ ಅಲ್ಲ. ನಮ್ಮಲ್ಲಿ ಪ್ರೀತಿ ಹರಿಯುವುದೇ ಬಡಿಸುವ ಸೌಟಿನಲ್ಲಿ. ಮದುವೆಯ ಪಂಕ್ತಿಯಲ್ಲಿ “ಇನ್ನೊಂದು ಹೋಳಿಗೆ, ನನ್ನ ಮೇಲಾಣೆ” ಎನ್ನದ ಬಂಧುವೇ ಇಲ್ಲ. ಜಠರ ಕಿರಿದಾದವರಿಗೆ ಆ ಉಪಚಾರವೇ ಶಿಕ್ಷೆ. ಬೇಡವೆಂದರೆ ಬಡಿಸಿದವರಿಗೆ ಬೇಸರ, ತಿಂದರೆ ತನಗೆ ಸಂಕಟ. ಎಲ್ಲರೂ ಉಂಡೇಳುವ ಹೊತ್ತಿಗೆ ನಾಲ್ಕು ತುತ್ತು ಮುಗಿಸಿ ಕುಳಿತವರನ್ನು ಹಾಗೆಯೇ ಬಿಡುವುದು, ಅವರೊಡನೆ ಸಂಜೆ ಒಂದಿಷ್ಟು ದೂರ ನಡೆಯುವುದು, ಮೈಯ ಗಾತ್ರವನ್ನು ಕುರಿತು ಹಿಂದೆಯೂ ಮುಂದೆಯೂ ಹಾಸ್ಯ ಮಾಡದಿರುವುದು—ಮನೆಯ ಕಿರಿಯರೂ ಮಾಡಬಲ್ಲ ಉಪಕಾರಗಳಿವು. ಊಟ ಬಲ್ಲವನಿಗೆ ರೋಗವಿಲ್ಲವೆಂದರೆ ಸಾಲದು, ಬಡಿಸಬಲ್ಲವರೂ ಜೊತೆಗಿರಬೇಕು.